ಸವದತ್ತಿಯಲ್ಲಿ ಬಿಚ್ಚಿದ ಬುತ್ತಿ

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂತವಳೇ ಅಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ಶಾಲೆಯಲ್ಲಿ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರೆ ಅದು ನನಗೆ ಶಿಕ್ಷೆಯೇ ಅಲ್ಲ, ಸದ್ಯ ಕೂರುವುದು ತಪ್ಪಿತಲ್ಲ ಎಂದು ಖುಷಿಪಡುತ್ತಿದ್ದೆ. “ನಿನ್ನ ಕಾಲಾಗ ಚಕ್ರ ಅದಾವೇನ ಹುಡುಗಿ?” ಎಂದು ಅಪ್ಪ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಈಗ ನೀವಿಬ್ಬರು ನನ್ನ ಮಗ್ಗುಲಲ್ಲಿ ಕೂತು ಒದ್ದಾಡುವುದನ್ನು ನೋಡಿ ನಿಮ್ಮಮ್ಮ, ‘ಇವಕ್ಕೆ ಯಾರ ಗುಣ ಬಂತೋ’ ಎನ್ನುತ್ತಾಳೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಇನ್ನೊಂದು ಮಾತು. ಅಜ್ಜಿ ಕಥೆ ಹೇಳುತ್ತಾಳೆ ಎಂದ ಕೂಡಲೇ ರಾಜರ ಕಾಲ ಎಂದುಕೊಳ್ಳಬೇಡಿ. ನನ್ನ ಕೂದಲು ಇನ್ನೂ ಪೂರ್ತಿ ಬೆಳ್ಳಗಾಗಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಮದುವೆ ಬೇಗ, ಹಾಗಾಗಿ ಅಜ್ಜಿಯಾಗುವುದೂ ಬೇಗ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಶುರುವಿನ ಮಾತು. ಬಸ್ಸಿತ್ತು, ಊರಿಗೆ ನಾಲ್ಕೈದು ಟಿವಿ ಇದ್ದವು. ಫೋನು ಮಾತ್ರ ಅಂಚೆ ಕಚೇರಿಯಲ್ಲಿ ಒಂದೇ ಒಂದು, ಅದೂ ವಾರಕ್ಕೆ ಮೂರು ದಿನ ಕೆಟ್ಟಿರುತ್ತಿತ್ತು.

ನಮ್ಮ ಊರು ಕಿತ್ತೂರಿನಿಂದ ಅರ್ಧ ತಾಸಿನ ನಡಿಗೆ. ಮನೆಯಲ್ಲಿದ್ದವರು ಮೂವರೇ: ಅಪ್ಪ, ಅಕ್ಕ, ನಾನು. ನಾನು ಎರಡು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಅಕ್ಕನಿಗೆ ಆಗ ಹತ್ತು ವರ್ಷ. ಆ ವಯಸ್ಸಿನ ಹುಡುಗಿಯನ್ನು ಒಲೆಯ ಮುಂದೆ ಕೂರಿಸಲು ಅಪ್ಪನಿಗೆ ಮನಸ್ಸಾಗಲಿಲ್ಲ. “ನೀ ಸಾಲಿಗೆ ಹೋಗು, ರೊಟ್ಟಿ ನಾ ಬಡಿತೇನಿ” ಎಂದು ಹೇಳಿ ತಾನೇ ಕೂತ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಒಂದು ಪಲ್ಯ ಬೇಯಿಸಿ, ನಮ್ಮಿಬ್ಬರ ಜಡೆ ಹಾಕಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದ.

ಆ ರೊಟ್ಟಿಗಳನ್ನು ನೀವು ನೋಡಬೇಕಿತ್ತು! ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಅಂಚೆಲ್ಲ ಸೀಳು, ನಡುವೆ ಒಂದು ಕರಕು ಕಲೆ. ಒಂದರ ಹಾಗೆ ಇನ್ನೊಂದಿಲ್ಲ. ದುಂಡಗಿನ ರೊಟ್ಟಿ ಎಂಬುದು ಬೇರೆಯವರ ಮನೆಯಲ್ಲಿ ಇರುವ ಪದಾರ್ಥ ಎಂದು ನಾನು ಬಹಳ ದಿನ ತಿಳಿದಿದ್ದೆ.

ನಮ್ಮ ಕಡೆ ಮದುವೆ ಮನೆಗಳಲ್ಲಿ ಗಂಡಸರು ಸಾವಿರ ಮಂದಿಗೆ ಅಡುಗೆ ಮಾಡುತ್ತಿದ್ದರು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ಆದರೆ ಮನೆಯ ಒಲೆಯ ಮುಂದೆ ಗಂಡಸು ಕೂತರೆ ಮುಗಿಯಿತು. “ನಿಮ್ಮಪ್ಪ ಕೈಗೆ ಬಳಿ ಇಟ್ಕೊಂಡ ರೊಟ್ಟಿ ಬಡಿತಾನಂತಲ್ಲ?” ಎಂದು ಶಾಲೆಯಲ್ಲಿ ಕೇಳುತ್ತಿದ್ದರು. ಮಧ್ಯಾಹ್ನ ಎಲ್ಲರೂ ಗುಂಪಾಗಿ ಬುತ್ತಿ ಬಿಚ್ಚಿದರೆ ನಾನೊಬ್ಬಳೇ ಗೋಡೆಯ ಹಿಂದೆ ಹೋಗಿ ನಿಂತುಕೊಂಡು ತಿನ್ನುತ್ತಿದ್ದೆ. ಯಾರಾದರೂ ಬಂದರೆ ರೊಟ್ಟಿಯನ್ನು ಲಂಗದ ಮರೆಗೆ ಸರಿಸುತ್ತಿದ್ದೆ. ಅಕ್ಕನಿಗೆ ಈ ನಾಚಿಕೆ ಇರಲಿಲ್ಲ. ನನಗಿತ್ತು, ಮೈತುಂಬ ಇತ್ತು.

ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟು ಒಂದು ವರ್ಷವಾಗಿತ್ತು. ನನಗೆ ಹನ್ನೊಂದು. ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಮನೆಯಿಂದ ಕಾಗದ ಬಂತು. ಅವಳಿಗೆ ಐದು ತಿಂಗಳು, ಹೊಟ್ಟೆಯಲ್ಲಿ ಒಂದು ಅಗುಳು ನಿಲ್ಲುತ್ತಿಲ್ಲ, ಕಡ್ಡಿಯಾಗಿದ್ದಾಳೆ, ಕುಬಸ ಇಟ್ಟುಕೊಂಡಿದ್ದೇವೆ, ತವರಿನ ಬುತ್ತಿ ತೆಗೆದುಕೊಂಡು ಬನ್ನಿ ಎಂದು ಬರೆದಿದ್ದರು. ಕುಬಸವೆಂದರೆ ಬಸುರಿ ಹೆಣ್ಣುಮಗಳಿಗೆ ಹೊಸ ಸೀರೆ-ಕುಪ್ಪಸ ಉಡಿಸಿ, ಬಯಸಿದ್ದನ್ನು ಉಣಿಸುವ ಶಾಸ್ತ್ರ. ತವರಿನವರು ಬುಟ್ಟಿ ತುಂಬ ಅಡುಗೆ ಮಾಡಿಕೊಂಡು ಹೋಗಬೇಕು. ಅದೇ ಬುತ್ತಿ. ಆ ಬುತ್ತಿಯನ್ನು ಓಣಿಯ ಹೆಂಗಸರೆಲ್ಲರ ಮುಂದೆ ಬಿಚ್ಚುತ್ತಾರೆ, ಆಮೇಲೆ ಮನೆಮನೆಗೆ ಹಂಚುತ್ತಾರೆ. ಹಂಚುವುದಕ್ಕೆ ‘ಬೀರುವುದು’ ಎನ್ನುತ್ತೇವೆ. ರೊಟ್ಟಿ ಎಷ್ಟು ತೆಳುವಾಗಿದೆ, ಹೋಳಿಗೆಯ ಹೂರಣ ಎಷ್ಟು ನುಣ್ಣಗಿದೆ ಎಂದು ಬೆರಳಲ್ಲಿ ಮುಟ್ಟಿ ನೋಡಿ, ಹುಡುಗಿಯ ತವರು ಎಂಥದು ಎಂದು ಅಲ್ಲೇ ಲೆಕ್ಕ ಹಾಕಿಬಿಡುತ್ತಾರೆ.

ನಮ್ಮ ಓಣಿಯ ಹೆಂಗಸರು ಬಂದು, ನಾವು ಮಾಡಿಕೊಡುತ್ತೇವೆ ಎಂದರು. ನನ್ನ ಎದೆ ಹಗುರಾಯಿತು. ಅಪ್ಪ ಹಟಮಾರಿ, ಕೇಳಬೇಕಲ್ಲ! “ನನ್ನ ಮಗಳ ಬುತ್ತಿ ನಾನಽ ಕಟ್ಟತೇನಿ” ಎಂದ. ಎರಡು ದಿನ ಒಲೆ ಆರಲಿಲ್ಲ. ಐವತ್ತು ರೊಟ್ಟಿ ಬಡಿದು ಒಣಗಿಸಿದ. ಶೇಂಗಾ ಹುರಿದು ಬೆಳ್ಳುಳ್ಳಿ ಹಾಕಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದ. ಹೋಳಿಗೆ ಮಾಡಲು ಹೋಗಿ ಎಂಟು ಹರಿದು, ಒಂಬತ್ತನೆಯದು ಹಂಚಿಗೇ ಅಂಟಿಕೊಂಡಿತು. ಅದನ್ನು ಕೈಬಿಟ್ಟು ಶೇಂಗಾ ಉಂಡೆ ಕಟ್ಟಿದ. ಅವನ ಬೆರಳ ತುದಿಗಳು ಸುಟ್ಟು ಬೊಬ್ಬೆ ಬಂದಿದ್ದವು. ನಾನು ಒಲೆಯ ಮುಂದಿನಿಂದ ಅಂಗಳಕ್ಕೆ, ಅಂಗಳದಿಂದ ಒಲೆಯ ಮುಂದಕ್ಕೆ ತಿರುಗುತ್ತ, ಇದನ್ನೆಲ್ಲ ರಾಮದುರ್ಗದ ಹೆಂಗಸರು ನೋಡುತ್ತಾರಲ್ಲ, ಅಕ್ಕ ತಲೆ ಎತ್ತುವುದು ಹೇಗೆ ಎಂದು ಸಂಕಟಪಡುತ್ತಿದ್ದೆ.

ಹೊರಟ ದಿನ ಚಳಿ ಇತ್ತು. ಕಿತ್ತೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆವು. ಬಿಳಿ ಪಂಚೆಯಲ್ಲಿ ಗಂಟು ಕಟ್ಟಿದ ಬಿದಿರಿನ ಬುಟ್ಟಿಯನ್ನು ಅಪ್ಪ ಮೇಲೆ ಇಡಲು ಒಪ್ಪದೆ ತೊಡೆಯ ಮೇಲೇ ಇಟ್ಟುಕೊಂಡ. ನಾನು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಅಪ್ಪನ ಬಳಿಗೆ ಓಡಾಡುತ್ತಿದ್ದೆ. ಕಂಡಕ್ಟರು ಎರಡು ಸಲ ಗದರಿದ. ಎದುರಿನ ಸೀಟಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಮೂಗು ಅರಳಿಸಿ, “ಬುತ್ತಿ ಘಮ್ಮಂತೈತಿ. ಯಾರ ಮಾಡ್ಯಾರವ್ವಾ?” ಎಂದು ನನ್ನನ್ನು ಕೇಳಿದಳು.

“ನಮ್ಮವ್ವ ಮಾಡ್ಯಾಳ್ರಿ” ಎಂದೆ.

ಎಷ್ಟು ಸಲೀಸಾಗಿ ಹೇಳಿದೆ ನೋಡಿ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅಪ್ಪ ನನ್ನ ಪಕ್ಕದಲ್ಲೇ ಇದ್ದ. ಅವನು ಪಂಚೆಯ ಗಂಟು ಸಡಿಲಿಸಿ ಮತ್ತೆ ಬಿಗಿದ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತ.

ಬೈಲಹೊಂಗಲದಲ್ಲಿ ಬಸ್ಸು ಬದಲಿಸಬೇಕು. ಹತ್ತಿಯ ಕಾಲ ಅದು. ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ತುಂಬಿದ ಚಕ್ಕಡಿಗಳು ಪೇಟೆಯ ಕಡೆ ಸಾಲುಗಟ್ಟಿ ಹೋಗುತ್ತಿದ್ದವು, ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡುತ್ತಿತ್ತು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಉದ್ದನೆಯ ಹಸಿಮೆಣಸಿನಕಾಯಿಗೆ ಕಡಲೆಹಿಟ್ಟಿನ ಅಂಗಿ ತೊಡಿಸಿ ಎಣ್ಣೆಗೆ ಬಿಟ್ಟರೆ ಚೊರ್ ಎಂಬ ಸದ್ದು ರಸ್ತೆಗೇ ಕೇಳುತ್ತಿತ್ತು. ಜೊತೆಗೆ ಗಿರಮಿಟ್: ಚುರುಮುರಿಗೆ ಹುಣಸೆಹುಳಿ, ಒಗ್ಗರಣೆಯ ಈರುಳ್ಳಿ, ಪುಟಾಣಿ ಎಂಬ ಹುರಿಗಡಲೆಯ ಹಿಟ್ಟು ಕಲಸಿ, ಮೇಲೆ ಹಸಿ ಈರುಳ್ಳಿ ಉದುರಿಸಿದ್ದು. ನನಗೆ ಅದೆಂದರೆ ಪ್ರಾಣ. ಖಾರಕ್ಕೆ ಮೂಗು ಸೊರಸೊರ ಎನ್ನುತ್ತಿದ್ದರೂ ಬಿಡದೆ ತಿಂದೆ. ಅಪ್ಪ ತನ್ನ ಪಾಲಿನ ಪೊಟ್ಟಣವನ್ನೂ ನನ್ನ ಕಡೆ ಸರಿಸಿದ.

“ನಿನಗ ಹಸಿವಿಲ್ಲೇನಪ್ಪಾ?”

“ಇಲ್ಲವಾ. ನೀ ತಿನ್ನು.”

ನಾನು ತಿಂದೆ. ತಿಂದು, ಅಂಗಿಗೆ ಕೈ ಒರೆಸಿ, ಬಸ್ಸು ಎಲ್ಲಿ ಬಂತು ಎಂದು ನೋಡಲು ಓಡಿದೆ.

ಬೈಲಹೊಂಗಲ ದಾಟಿದ ಮೇಲೆ ನೆಲ ಕಪ್ಪಾಗುತ್ತ ಹೋಯಿತು. ಎರಡೂ ಕಡೆ ಆಳೆತ್ತರದ ಜೋಳ, ನಡುನಡುವೆ ಹಸಿರು ಕಡಲೆಯ ಹೊಲ. ಸವದತ್ತಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ರಾಮದುರ್ಗದ ಬಸ್ಸಿಗೆ ಇನ್ನೂ ಎರಡು ತಾಸು. ಆ ಊರಲ್ಲಿ ಅಪ್ಪನ ತಂಗಿ, ಅಂದರೆ ನನ್ನ ಅತ್ತೆ ಇದ್ದಳು. ತಂಗಿಯ ಊರಿಗೆ ಬಂದು ಅವಳ ಮನೆಯ ನೀರು ಕುಡಿಯದೆ ಹೋದರೆ ಅವಳು ಜೀವನಪೂರ್ತಿ ಬಿಡುತ್ತಾಳೆಯೇ? ಬುಟ್ಟಿ ಹೊತ್ತು ಅತ್ತೆಯ ಮನೆಗೆ ಹೋದೆವು.

ಅತ್ತೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಮನೆಯಲ್ಲಿ ಅವಳ ಅತ್ತೆ ಒಬ್ಬಳೇ ಇದ್ದಳು. ಆ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಅಪ್ಪ ಬುಟ್ಟಿಯನ್ನು ಪಡಸಾಲೆಯಲ್ಲಿ ಇಳಿಸಿ, “ಆಯಿ, ತಂಗೀನ್ನ ಕರಕೊಂಡ ಬರತೇನ್ರಿ” ಎಂದು ಹೊರಟ. ಹೋಗುವ ಮುಂಚೆ ನನ್ನ ಕಡೆ ತಿರುಗಿ, “ಬುತ್ತಿ ಬಿಟ್ಟು ಅಳ್ಳಾಡಬ್ಯಾಡ ನೋಡು” ಎಂದ. ನಾವು ರಾಮದುರ್ಗಕ್ಕೆ ಹೊರಟವರು ಎಂದು ಆಯಿಗೆ ಹೇಳುವುದು ಅವಸರದಲ್ಲಿ ಅವನಿಗೆ ಮರೆತೇ ಹೋಯಿತು.

ಆಯಿ ನನಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಟ್ಟಳು. ಅದರ ಮೇಲೆ ನಿಂಬೆಗಾತ್ರದ ಬೆಣ್ಣೆ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ಖಾರ, ಹೊಲದಿಂದ ತಂದ ಹಸಿ ಹಕ್ಕರಕಿ ಸೊಪ್ಪು. ಸೊಪ್ಪನ್ನು ಹಾಗೇ ಕಡಿದು ತಿನ್ನುವುದು ನಮ್ಮ ಕಡೆಯ ರೂಢಿ. ಸಜ್ಜೆ ರೊಟ್ಟಿ ಎಷ್ಟು ತೆಳುವಾಗಿತ್ತೆಂದರೆ ಕೈಯಲ್ಲಿ ಹಿಡಿದರೆ ಬೆಳಕು ಕಾಣುತ್ತಿತ್ತು. ನಾನು ಆ ರೊಟ್ಟಿ ನೋಡಿದೆ, ಮೂಲೆಯ ನಮ್ಮ ಬುಟ್ಟಿ ನೋಡಿದೆ. ಹೊಟ್ಟೆ ತುಂಬಿದರೂ ಕೂರಲಾಗಲಿಲ್ಲ. ಹಿತ್ತಲಲ್ಲಿ ಪೇರಲದ ಗಿಡ ಕಂಡಿತು. ಅಪ್ಪನ ಮಾತು ಅಪ್ಪನ ಹಿಂದೆಯೇ ಹೋಯಿತು, ನಾನು ಗಿಡದ ಮೇಲಿದ್ದೆ.

ಎರಡನೇ ಪೇರಲ ಹಣ್ಣು ಕಚ್ಚುತ್ತಿದ್ದಾಗ ಆಯಿ ಹಿತ್ತಲ ಬಾಗಿಲಿಗೆ ಬಂದಳು. ಅವಳ ಮುಖ ಅರಳಿತ್ತು.

“ಏ ಕೂಸ, ಬುತ್ತಿ ಬಿಚ್ಚಲೇನ? ನನ್ನ ಸೊಸಿಗೆ ತವರಮನಿ ಬುತ್ತಿ ಭಾಳ ದಿನಕ್ಕ ಬಂದೈತಿ. ಆಕಿ ಬರೂದ್ರಾಗ ಓಣ್ಯಾಗ ಬೀರಿ ಬರತೇನಿ.”

ಆಯಿಯ ತಪ್ಪೇನೂ ಇರಲಿಲ್ಲ. ಅಣ್ಣ ಎಂಬವನು ಬಿಳಿ ಬಟ್ಟೆಯ ಗಂಟು ಹೊತ್ತು ತಂಗಿಯ ಮನೆಗೆ ಬಂದರೆ ಅದು ತಂಗಿಯ ಬುತ್ತಿಯೇ. ಬಂದ ಬುತ್ತಿಯನ್ನು ಮುಚ್ಚಿಟ್ಟುಕೊಂಡರೆ ಸೊಸೆಯ ತವರಿಗೆ ಅವಮಾನ ಮಾಡಿದಂತೆ. ‘ಇದು ನಿಮಗಲ್ಲ ಆಯಿ, ಅಕ್ಕನಿಗೆ’ ಎಂದು ನಾನು ಹೇಳಬೇಕಿತ್ತು. ನಾಲ್ಕೇ ಮಾತು. ಬಾಯಲ್ಲಿ ಪೇರಲ ಇತ್ತು ಎಂದು ನೆಪ ಹೇಳಲಾರೆ. ನುಂಗಿ ಆಗಿತ್ತು. ಬುಟ್ಟಿ ಇಲ್ಲೇ ಖಾಲಿಯಾದರೆ ರಾಮದುರ್ಗದಲ್ಲಿ ಯಾರೂ ಅಪ್ಪನ ರೊಟ್ಟಿ ನೋಡುವುದಿಲ್ಲ, ಇಷ್ಟೇ ನನ್ನ ತಲೆಯಲ್ಲಿ ಬಂದದ್ದು.

“ಹೂಂ, ಬಿಚ್ಚರಿ ಆಯಿ” ಎಂದೆ.

ಅವಳು ಹೋದಳು. ಗಿಡದ ಮೇಲಿಂದಲೇ ಓಣಿಯ ಮಾತು ಕೇಳುತ್ತಿತ್ತು. ಯಾರೋ ಎಳೆಯ ದನಿಯವಳು, “ಇದೇನ ರೊಟ್ಟಿನೋ ಹಲಗಿನೋ!” ಎಂದಳು. ಕಿಲಕಿಲ ನಗು ಎದ್ದಿತು. ನನಗೆ ಕೆಳಗೆ ಇಳಿಯಲೂ ಆಗಲಿಲ್ಲ, ಮೇಲೆ ಇರಲೂ ಆಗಲಿಲ್ಲ. ಒಂದೊಂದೇ ಎಲೆ ಕಿತ್ತು ಹರಿಯುತ್ತ ಕೂತೆ.

ಅಪ್ಪ ಮತ್ತು ಅತ್ತೆಯ ದನಿ ಕೇಳಿ ನಾನು ಇಳಿದು ಬರುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದಿದ್ದು ರೊಟ್ಟಿಯ ಚೂರು ಮಾತ್ರ. ಅತ್ತೆ ಎದೆಗೆ ಕೈ ಇಟ್ಟುಕೊಂಡು ನಿಂತಳು. “ಅತ್ತೀ, ಅದು ರಾಮದುರ್ಗದ ಹುಡುಗಿ ಕುಬಸದ ಬುತ್ತಿ ಅಂತರಿ!” ಎಂದಳು.

“ಅಯ್ಯ ನನ್ನ ಶಿವನ! ಬಸುರಿ ಹೆಣಮಗಳ ಬುತ್ತಿ ಬೀರಿ ಕುಂತೆನಲ್ಲೋ!” ಎಂದು ಆಯಿ ಹಣೆ ಬಡಿದುಕೊಂಡಳು. “ನಾ ಕೇಳೇ ಬಿಚ್ಚಿದ್ನಿ, ಈ ಕೂಸ…” ಎಂದವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ, “ನಂದಽ ತಪ್ಪು. ವಯಸ್ಸಾತು” ಎಂದು ಮಾತು ಮುಗಿಸಿದಳು. ತನಗೆ ಯಾರೂ ಅಲ್ಲದ ನನ್ನ ತಪ್ಪನ್ನು ಆ ಮುದುಕಿ ತನ್ನ ತಲೆಯ ಮೇಲೆ ಹಾಕಿಕೊಂಡಳು. ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು.

ಅಪ್ಪ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಳಗೆ ನೋಡಿದ. ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡ. “ಇರ್ಲಿ ಬಿಡ್ರಿ ಆಯಿ. ನೀವು ತಿಂದೀರಿ, ಚೆಲ್ಲಿಲ್ಲ” ಎಂದ. ಅವನ ದನಿ ಮಾತ್ರ ಎಲ್ಲೋ ದೂರದಿಂದ ಬಂದಂತಿತ್ತು.

ಆಯಿ ಸುಮ್ಮನೆ ಕೂರಲಿಲ್ಲ. “ಖಾಲಿ ಬುಟ್ಟಿ ಕಳಿಸೂದ ಉಂಟೇನ?” ಎಂದು ಸೆರಗು ಬಿಗಿದು ಓಣಿಗೆ ಇಳಿದಳು. ಯಾರ ಮನೆಗೆ ರೊಟ್ಟಿ ಹೋಗಿತ್ತೋ ಅವರೆಲ್ಲರ ಬಾಗಿಲು ತಟ್ಟಿದಳು. ಒಂದು ತಾಸಿನಲ್ಲಿ ಅತ್ತೆಯ ಪಡಸಾಲೆ ಹೆಂಗಸರಿಂದ ತುಂಬಿತು. ಒಬ್ಬಳು ಚಂದಿರನಂಥ ಬಿಳಿ ರೊಟ್ಟಿ ತಂದಳು, ಇನ್ನೊಬ್ಬಳು ತುಪ್ಪ ಸವರಿದ ಹೋಳಿಗೆ. ಬೆಲ್ಲ ಬೆರೆಸಿದ ಗೋಧಿ ಮಾದಲಿ ಬಂತು, ಎಣ್ಣೆ ತೇಲುವ ಬದನೆಕಾಯಿ ಬಂತು, ಕರಿಗಡುಬು, ಗುರೆಳ್ಳು ಹಿಂಡಿ, ಗಡಿಗೆಯಲ್ಲಿ ಕೆನೆಮೊಸರು ಬಂತು. ನಕ್ಕಿದ್ದ ಆ ಎಳೆಯ ದನಿಯವಳು ಕೂಡ ಹದವಾದ ಕಡಲೆಹಿಟ್ಟಿನ ಜುಣಕದ ವಡಿ ಕೊಯ್ದು ತಂದಳು. ಬುಟ್ಟಿ ಮೊದಲಿಗಿಂತ ಭಾರವಾಯಿತು. ಪಂಚೆಯ ಗಂಟು ಕೂಡಲಿಲ್ಲ, ಅತ್ತೆ ತನ್ನ ಹಳೆಯ ಸೀರೆಯಿಂದ ಕಟ್ಟಿದಳು.

ನಾನು ಬಯಸಿದ್ದು ಇದೇ ಅಲ್ಲವೇ? ಕುಣಿಯಬೇಕಿತ್ತು. ಆದರೆ ರಾಮದುರ್ಗದ ಬಸ್ಸಿನಲ್ಲಿ ನನಗೆ ಮುಳ್ಳಿನ ಮೇಲೆ ಕೂತಂತೆ ಆಗುತ್ತಿತ್ತು. ಅಪ್ಪ ಬುಟ್ಟಿ ತಬ್ಬಿ ಕೂತಿದ್ದ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಎದ್ದೆ, ಕೂತೆ, ಸೀಟು ಬದಲಿಸಿದೆ. ಎಲ್ಲಿ ಕೂತರೂ ಅಪ್ಪನ ಸುಟ್ಟ ಬೆರಳುಗಳೇ ಕಾಣುತ್ತಿದ್ದವು.

ಅರ್ಧ ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಎಲ್ಲರೂ ಇಳಿದೆವು. ರಸ್ತೆಗೆ ಹತ್ತಿದ ಹೊಲದಲ್ಲಿ ಸೀತನಿ ಸುಡುತ್ತಿದ್ದರು. ಹಾಲು ತುಂಬಿದ ಎಳೆಯ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಬಡಿದು ಉಜ್ಜಿ ಕಾಳು ಬಿಡಿಸುವುದೇ ಸೀತನಿ. ಹೊಲದ ಯಜಮಾನ ಕಂಬಳಿ ಹಾಸಿ, “ಬರ್ರಿ, ಬರ್ರಿ! ಗಾಲಿ ಹಾಕೂತನಕ ಬಾಯಿ ಯಾಕ ಖಾಲಿ?” ಎಂದು ಇಡೀ ಬಸ್ಸನ್ನೇ ಊಟಕ್ಕೆ ಕರೆದ. ಗುರುತಿಲ್ಲ, ಪರಿಚಯವಿಲ್ಲ. ಹೊಗೆಯ ವಾಸನೆಯ ಹಸಿರು ಕಾಳು, ಮೇಲೆ ಹಿಂಡಿ, ಬಾಯಲ್ಲಿ ಒಂದು ಚೂರು ಬೆಲ್ಲ. ಕಂಡಕ್ಟರು, ಡ್ರೈವರು, ಮುದುಕರು, ಕೂಸುಗಳು ಎಲ್ಲರೂ ಮುಷ್ಟಿ ಮುಷ್ಟಿ ತಿಂದರು. ನಾನೂ ಒಂದು ಮುಷ್ಟಿ ತೆಗೆದುಕೊಂಡೆ. ಪಕ್ಕದ ಕೂಸಿನ ಕೈಗೆ ಸುರಿದೆ.

ಪಡುವಣಕ್ಕೆ ಇಳಿಯುತ್ತಿದ್ದ ಹೊತ್ತನ್ನು ನೋಡುತ್ತ ಅಪ್ಪ ನಿಂತಿದ್ದ. ಪಕ್ಕಕ್ಕೆ ಹೋದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟು, ತನಗೇ ಹೇಳಿಕೊಳ್ಳುವಂತೆ, “ಹೆಣಮಕ್ಕಳ ಕೈ ಅಡಿಗಿ ಅದು. ನಿಮ್ಮಕ್ಕನ ಮಾನ ಉಳೀತು. ಆಗಿದ್ದ ಚಲೋನಽ ಆತು ಬಿಡು” ಎಂದ.

ಅಯ್ಯೋ, ಅಂದರೆ ಅಪ್ಪನಿಗೂ ಆ ಭಯ ಇತ್ತು! ಎರಡು ದಿನ ಒಲೆಯ ಮುಂದೆ ಕೂತಾಗಲೂ ಇತ್ತು. ಗೋಡೆಯ ಹಿಂದೆ ನಿಂತು ನಾನು ರೊಟ್ಟಿ ತಿನ್ನುವುದು ಅವನಿಗೆ ಗೊತ್ತಿತ್ತೋ ಏನೋ. ಬಸ್ಸಿನಲ್ಲಿ ನಾನು ಆಡಿದ ಸುಳ್ಳಂತೂ ಕಿವಿಯಾರೆ ಕೇಳಿದ್ದ. ನನ್ನ ನಾಲಿಗೆಯ ತುದಿಗೆ ನಿಜ ಬಂತು. ಅಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದ.

ಮಲಪ್ರಭೆ ದಾಟಿ ರಾಮದುರ್ಗ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಅಕ್ಕ ಬಾಗಿಲಿಗೆ ಬಂದಳು. ನನಗೆ ಗುರುತೇ ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನ್ನನ್ನು ತಬ್ಬಿಕೊಂಡಾಗ ಅವಳ ಎಲುಬು ನನ್ನ ಹಣೆಗೆ ತಾಗಿತು.

ಓಣಿಯ ಹೆಂಗಸರು ಆಗಲೇ ಬಂದು ಕೂತಿದ್ದರು. ಅಕ್ಕನ ಅತ್ತೆ ಬುತ್ತಿ ಬಿಚ್ಚಿದಳು. ಒಂದೊಂದೇ ತೆಗೆದು ಇಟ್ಟಂತೆ ಎಲ್ಲರ ಬಾಯಿ ತೆರೆಯಿತು. “ಏನ ರೊಟ್ಟಿ! ಏನ ಹೋಳಿಗಿ! ಭಾರೀ ಬುತ್ತಿ ತಂದೀರಿ ಬೀಗ್ರ” ಎಂದರು. ಅಪ್ಪ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಬುಟ್ಟಿಯ ಮುಂದೆ ಕೂತು ಬಿಳಿ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ನೋಡಿದಳು, ಬುಟ್ಟಿಯ ತಳದವರೆಗೆ ನೋಡಿದಳು.

“ಅಪ್ಪಾ, ನೀ ಮಾಡಿದ್ದ ರೊಟ್ಟಿ ಎಲ್ಲಿ?” ಎಂದಳು.

ಎಲ್ಲರ ಮುಂದೆ, ಗಟ್ಟಿಯಾಗಿ, ಒಂದಿಷ್ಟೂ ಮುಚ್ಚುಮರೆ ಇಲ್ಲದೆ ಕೇಳಿದಳು. ಅವಳ ಅತ್ತೆ ನಕ್ಕು, “ಎಂಟ ದಿನದಿಂದ ಇಕಿದ ಒಂದಽ ಜಪ ಐತ್ರಿ ಬೀಗ್ರ. ನಾ ಮಾಡಿದ್ದ ಒಂದೂ ಸೇರವಲ್ದು. ನಮ್ಮಪ್ಪನ ರೊಟ್ಟಿ ಬರತಾವ, ಆಗ ಉಣತೇನಿ ಅಂತಾಳ. ಎಲ್ಲಿ ಅದಾವ ತೋರಸರಿ, ನಾವೂ ನೋಡೂಣು” ಎಂದಳು. ಅಕ್ಕನ ಕಣ್ಣಿಂದ ನೀರು ಇಳಿದು ಬಂತು. ಬೇಡಿದ್ದು ಸಿಗದ ಕೂಸು ಅಳುವಂತೆ ಅಳುತ್ತಿದ್ದಳು.

ಇನ್ನು ತಡೆಯಲಾಗಲಿಲ್ಲ. “ನಾನಽ ಬೀರಸಿದ್ನಿ” ಎಂದು ಕೂಗಿದೆ. “ಸವದತ್ಯಾಗ ಆಯಿ ಬಿಚ್ಚಲೇನ ಅಂತ ಕೇಳಿದ್ಲು, ನಾನಽ ಹೂಂ ಅಂದ್ನಿ. ಅಪ್ಪನ ರೊಟ್ಟಿ ನೋಡಿ ಇಲ್ಲೆ ಎಲ್ಲಾರೂ ನಗತಾರಂತ ಹಂಗ ಮಾಡಿದ್ನಿ!”

ಅಪ್ಪ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಅದನ್ನು ನಾನು ಹುಡುಕಿದೆ, ಸಿಗಲಿಲ್ಲ. ಅವನು ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿ, ಕೈಕಾಲು ತೊಳೆದು ಬಂದ.

“ಬೀಗತ್ಯಾರ, ಒಂದೀಟ ಜೋಳದ ಹಿಟ್ಟ ಕೊಡ್ರಿ” ಎಂದ.

ಅಕ್ಕನ ಅತ್ತೆ ಬೆರಗಾದಳು. ಹೊರಗೆ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. “ಒಲಿ ಮುಂದ ನೀವ್ಯಾಕ್ರಿ? ಮಂದಿ ಏನಂದಾರು?” ಎಂದಳು.

“ಒಂಬತ್ತ ವರ್ಷ ಕುಂತೇನ್ರಿ. ಇವತ್ತ ಒಂದ ದಿನಕ್ಕ ನಾಚಿಕಿ ಎಲ್ಲಿಂದ ತರ್ಲಿ?”

ಅಡುಗೆಮನೆಗೆ ಹೋಗಿ ಕೂತ. ಬಿಸಿನೀರು ಹಾಕಿ ಹಿಟ್ಟು ನಾದಿದ. ನನ್ನನ್ನು ಕರೆದು, “ಬಾ, ನೀರಿನ ಅರಿವಿ ಹಿಡಿ” ಎಂದ. ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಅದಕ್ಕೆ ನೀರು ಸವರುವ ಬಟ್ಟೆ ಅದು. ಮನೆಯಲ್ಲಿ ಆ ಕೆಲಸ ಯಾವಾಗಲೂ ಅಕ್ಕನದಾಗಿತ್ತು. ತಟ್, ತಟ್, ತಟ್ ಎಂಬ ಸದ್ದು ಓಣಿಯ ತನಕ ಹೋಯಿತು. ಹೆಂಗಸರು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಯಾರೋ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಕ್ಕನ ಅತ್ತೆ ಅವಳನ್ನು ಒಂದೇ ಒಂದು ಸಲ ನೋಡಿ, ಅಪ್ಪನ ಪಕ್ಕ ಕೂತು ಒಲೆಗೆ ಕಟ್ಟಿಗೆ ಸರಿಸತೊಡಗಿದಳು.

ಮೊದಲ ರೊಟ್ಟಿ ಬಂತು. ಒಂದು ಕಡೆ ದಪ್ಪ, ಅಂಚು ಸೀಳು, ನಡುವೆ ಕರಕು. ಅಕ್ಕ ಅದನ್ನು ಮುರಿದು, ಸವದತ್ತಿಯ ಮೊಸರಿನಲ್ಲಿ ಅದ್ದಿ ತಿಂದಳು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಇಡೀ ರೊಟ್ಟಿ ತಿಂದು ಇನ್ನರ್ಧ ಕೇಳಿದಳು. ಹೊಟ್ಟೆ ತಿರುಗಲಿಲ್ಲ, ಹಿತ್ತಲಿಗೆ ಓಡಲಿಲ್ಲ. ಅಲ್ಲೇ ಗೋಡೆಗೆ ಒರಗಿ, ಬೆರಳಿಗಂಟಿದ ಮೊಸರು ತೊಳೆಯುವುದಕ್ಕೂ ಏಳದೆ ನಿದ್ದೆಹೋದಳು. ಅಪ್ಪ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡ, ಅವನ ಹುಬ್ಬು ಬೆಳ್ಳಗಾಯಿತು. ಅಂದು ನಾನು ಆ ಒಲೆಯ ಮುಂದಿನಿಂದ ಏಳಲೇ ಇಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ನಿಮ್ಮಪ್ಪ ದಿನಾ ಒಂದು ಹೊತ್ತು ಅಡುಗೆ ಮಾಡುತ್ತಾನೆ. ಮೊನ್ನೆ ಗೆಳತಿ ಬಂದಾಗ ನೀನು, ‘ಅಪ್ಪ ಚಪಾತಿ ಮಾಡ್ತಿದಾರೆ, ತಿಂತೀಯಾ?’ ಎಂದು ಕೇಳಿ ಮತ್ತೆ ಆಟಕ್ಕೆ ಹೋದೆ. ಅದರಲ್ಲಿ ನಿನಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಬಾಗಿಲಲ್ಲಿ ನಿಂತು ಇಣುಕುವವರು ಯಾರೂ ಇರಲಿಲ್ಲ. ಅದನ್ನು ಕೇಳಿ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು ಗೊತ್ತೇ? ನಮ್ಮ ಕಾಲದಲ್ಲಿ ಗುರುತಿಲ್ಲದ ರೈತ ಇಡೀ ಬಸ್ಸಿಗೆ ಸೀತನಿ ತಿನ್ನಿಸುತ್ತಿದ್ದ, ಓಣಿಗೆ ಓಣಿಯೇ ಯಾರದೋ ಮಗಳ ಬುಟ್ಟಿ ತುಂಬುತ್ತಿತ್ತು. ಅದು ನಿಮಗೆ ಸಿಗಲಿಲ್ಲ ಎಂದು ನನಗೆ ದುಃಖವಿದೆ. ಆದರೆ ನಿಮಗೆ ಸಿಕ್ಕಿದ್ದು ನನ್ನ ಅಪ್ಪನಿಗೆ ಒಂದೇ ಒಂದು ದಿನವಾದರೂ ಸಿಕ್ಕಿದ್ದರೆ ಎಂದು ಅದಕ್ಕಿಂತ ಹೆಚ್ಚು ದುಃಖವಿದೆ.

ಅಪ್ಪ ಆ ದಿನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನನ್ನ ಮದುವೆಯಾಗುವ ತನಕ ದಿನಾ ರೊಟ್ಟಿ ಬಡಿದು ಹಾಕಿದ, ನಾನು ದಿನಾ ಉಂಡು ಎದ್ದುಹೋದೆ. ಈಗ ಒಳಗೆ ನಿಮ್ಮಪ್ಪ ಊಟಕ್ಕೆ ಕರೆಯುತ್ತಿದ್ದಾನೆ, ಏಳಿ. ಉಂಡಾದ ಮೇಲೆ ‘ಚಪಾತಿ ಚೆನ್ನಾಗಿತ್ತು ಅಪ್ಪಾ’ ಎಂದು ಹೇಳಿ. ಅಷ್ಟು ಸಾವಿರ ರೊಟ್ಟಿ ತಿಂದ ನಾನು ಒಂದು ಸಲವೂ ಹೇಳಲಿಲ್ಲ.